ಬಟ್ಟೆಯಾಗದ ಎಳೆಗಳು

ನಮ್ಮ ಬೀದಿಯಲ್ಲಿ ಮೇಲ್ಹೊಟ್ಟೆ ನೋವು ಅಂತ ಯಾರೂ ಡಾಕ್ಟರ ಹತ್ತಿರ ಓಡುತ್ತಿರಲಿಲ್ಲ. ಆ ನೋವಿಗೆ ನಮ್ಮಲ್ಲಿ ಒಂದು ಹೆಸರೇ ಇತ್ತು: ದಿಂಡು ನೋವು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ, ನೆಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಮರದ ದಿಂಡು ಸರಿಯಾಗಿ ಎದೆಗೂಡಿನ ಕೆಳಗೆ ಬರುತ್ತದೆ. ಮುಂದಕ್ಕೆ ಬಾಗಿದಾಗಲೆಲ್ಲ ಅದು ಒತ್ತುತ್ತದೆ. ದಿನವಿಡೀ ಒತ್ತಿಸಿಕೊಂಡ ಹೊಟ್ಟೆ ನೋಯದೆ ಇನ್ನೇನು ಮಾಡೀತು? ಅದಕ್ಕೆ ಔಷಧಿಯೂ ಎಲ್ಲರಿಗೂ ಗೊತ್ತಿತ್ತು. ಹಳೇ ಸೀರೆಯನ್ನು ದಪ್ಪಗೆ ಮಡಚಿ ದಿಂಡಿಗೂ ಹೊಟ್ಟೆಗೂ ನಡುವೆ ಇಟ್ಟುಕೊಳ್ಳುವುದು, ಇಂಗು ಹಾಕಿದ ಮಜ್ಜಿಗೆ ಕುಡಿಯುವುದು, ಕೂರುವ ಹಲಗೆಯನ್ನು ಒಂದು ಬೆರಳು ಎತ್ತರಿಸುವುದು.

ನನ್ನ ಅಮ್ಮ ಇದೆಲ್ಲವನ್ನೂ ಮಾಡಿದಳು. ಸೀರೆಯ ಮಡಿಕೆ ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಾ ಹೋಯಿತು, ಅಮ್ಮ ತೆಳ್ಳಗಾಗುತ್ತಾ ಹೋದಳು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿತು ಅನ್ನುತ್ತಿದ್ದಳು. "ದಿಂಡು ಅಮುಕಿ ಅಮುಕಿ ಒಟ್ಟೆ ಚಿಕ್ಕದಾಗೋಗಿದೆ" ಅಂತ ನಗುತ್ತಿದ್ದಳು. ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಪಕ್ಕದ ಮನೆಯವಳು, ಹಲಗೆಯ ಕೆಳಗೆ ಇನ್ನೊಂದು ಮರದ ಚೂರು ಸೇರಿಸಿ ಕೊಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವು ಮಗ್ಗಕ್ಕೆ ಚಿಕಿತ್ಸೆ ಮಾಡುತ್ತಾ ಕೂತೆವು.

ಅಷ್ಟೂ ದಿನ ನಾನು ಎಲ್ಲಿದ್ದೆ ಅಂತ ಕೇಳುವ ಸಂಬಂಧಿಕರು ನನಗೆ ಬೇಕಾದಷ್ಟಿದ್ದಾರೆ. ನಾನು ಕೊಯಮತ್ತೂರಿನ ಪೀಳಮೇಡಿನಲ್ಲಿದ್ದೆ. ಒಂದು ಪ್ರಯೋಗಶಾಲೆಯಲ್ಲಿ, ಹೊಟ್ಟೆಯ ಕ್ಯಾನ್ಸರ್ ಹೇಗೆ ಹರಡುತ್ತದೆ ಅಂತ ಓದುತ್ತಿದ್ದೆ. ಹೌದು, ಅದೇ. "ಒಟ್ಟೆ ಓದೋಳಿಗೆ ಅಮ್ಮನ್ ಒಟ್ಟೆ ಗೊತ್ತಾಗ್ಲಿಲ್ವಾ?" ಅಂತ ಸಾವಿನ ಮನೆಯಲ್ಲೇ ಒಬ್ಬಾಕೆ ಕೇಳಿದಳು. ಕೇಳಲಿ. ಬಾಯಿ ಇದ್ದವರು ಕೇಳುತ್ತಾರೆ. ಅವರಿಗೆ ಉತ್ತರ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ನನಗೆ ಅಮ್ಮನ ನೆನಪಾಗುತ್ತದೆ, ಬರೆಯುತ್ತಿದ್ದೇನೆ, ಅಷ್ಟೆ.

ನಮ್ಮದು ಸಿರುಮುಗೈ, ಭವಾನಿ ಹೊಳೆಯ ದಂಡೆ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಇಳಿದು ಬಂದ ನೇಕಾರರು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡದಲ್ಲೂ ಅರ್ಧ ತಮಿಳು. ಮಗ್ಗಕ್ಕೆ ಹೂಡುವ ಉದ್ದೆಳೆಗಳ ಹಾಸನ್ನು ನಾವು ಪಾವು ಅನ್ನುತ್ತೇವೆ. ನಮ್ಮ ಬೀದಿಯಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ನಾನು ಕಲಿತದ್ದು ಹಾಸ್ಟೆಲಿನಲ್ಲಿ, ಮೈಸೂರಿನಿಂದ ಬಂದ ರೂಮ್‌ಮೇಟ್ ಹತ್ತಿರ. ಕಲಿತ ಹೊಸತರಲ್ಲಿ ಅಮ್ಮನ ಹೆಸರು ಬರೆದು ತೋರಿಸಿದೆ. ಅಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನಮ್ ಮಾತ್ಗೆ ಇಷ್ಟ್ ಗುಂಡ್ ಗುಂಡಾದ ಅಕ್ಷರ ಇದ್ಯಾ? ಚೆನ್ನಾಗೈತೆ, ಜರಿ ಬುಟ್ಟಾ ಇದ್ದಂಗೈತೆ" ಅಂದಳು. ಈಗ ಇಷ್ಟುದ್ದ ಬರೆಯುತ್ತಿದ್ದೇನೆ, ಇದ್ದಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳುತ್ತಿದ್ದೆ, ಅವಳು ನಡುವೆ ನೂರೆಂಟು ತಪ್ಪು ಹುಡುಕುತ್ತಿದ್ದಳು.

ಮನೆಯಲ್ಲಿ ಒಂದೇ ಮಗ್ಗ. ಬೆಳಿಗ್ಗೆ ಅಪ್ಪ ಕೂರುತ್ತಿದ್ದರು, ಮಧ್ಯಾಹ್ನ ಅಮ್ಮ. ಆದರೆ ಕೆಚ್ಚುವ ಕೆಲಸ ಪೂರ್ತಿ ಅಮ್ಮನದು. ನೇಯ್ಗೆ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಒಂದು ಹಾಸು ನೆಯ್ದು ಮುಗಿದಾಗ ಅದರ ಕೊನೆಯ ಮೊಳದಷ್ಟು ಎಳೆ ಬಟ್ಟೆಯಾಗುವುದಿಲ್ಲ. ಅಲ್ಲಿವರೆಗೆ ಲಾಳಿ ಓಡಲಾರದು. ಆ ತುದಿಯನ್ನು ಕಿತ್ತು ಎಸೆಯುವುದೂ ಇಲ್ಲ. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ಸಂದಿಯಲ್ಲಿ ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಈ ಹಳೆಯ ಒಂದೊಂದು ಎಳೆಗೆ ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಅದೇ ಕೆಚ್ಚುವುದು. ಆಮೇಲೆ ಮುಂದಿನಿಂದ ಎಳೆದರೆ ಹಳೆಯದು ಹೊಸದರ ಕೈಹಿಡಿದು ಹಣಿಗೆ ದಾಟಿಸಿ ಈಚೆ ತರುತ್ತದೆ. ಬಂದ ಮೇಲೆ ಹಳೆಯದನ್ನು ಕತ್ತರಿಸಿ ತೆಗೆಯುತ್ತಾರೆ.

ಅಮ್ಮ ಮಗ್ಗದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು ಕೆಚ್ಚುತ್ತಿದ್ದಳು. ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಬೂದಿ. ಹಳೆ ಎಳೆ, ಹೊಸ ಎಳೆ, ಒಂದು ಹೊಸೆತ, ಗಟ್ಟಿಯಾಯಿತೇ ಅಂತ ಸಣ್ಣಗೆ ಒಂದು ಎಳೆತ. ನೋಡುವವರಿಗೆ ಬೆರಳು ಕಾಣುತ್ತಿರಲಿಲ್ಲ. ಅವಳ ಕೈ ಸದಾ ಬೆಚ್ಚಗಿರುತ್ತಿತ್ತು. ಮಾರ್ಗಳಿಯ ಚಳಿಯಲ್ಲಿ, ನೀಲಗಿರಿ ಕಡೆಯಿಂದ ಗಾಳಿ ಇಳಿಯುವಾಗಲೂ ಬೆಚ್ಚಗೆ. ನನಗೆ ಕಲಿಸುವಾಗ ನನ್ನ ಬೆರಳಿನ ಮೇಲೆ ಅವಳ ಬೆರಳಿಟ್ಟು ಹೊಸೆಯುತ್ತಿದ್ದಳು. ಆಮೇಲೆ ಸ್ಕೂಲಿಗೆ ಹೋದರೆ ನನ್ನ ಲಂಗದ ತುಂಬಾ ಬೂದಿ. "ಇವಳೇನ್ ಸುಡುಗಾಡಿಂದ ಬಂದ್ಲಾ" ಅಂತ ಹುಡುಗಿಯರು ತಮಿಳಿನಲ್ಲಿ ರೇಗಿಸುತ್ತಿದ್ದರು. ಮನೆಗೆ ಬಂದು ಅಮ್ಮನ ಮೇಲೆ ಹಾರಾಡುತ್ತಿದ್ದೆ. ಈಗ ಆ ಬೂದಿಯ ವಾಸನೆ ಎಲ್ಲಾದರೂ ಬಂದರೆ ನಿಂತಲ್ಲೇ ನಿಂತುಬಿಡುತ್ತೇನೆ.

ಅವಳು ಗಟ್ಟಿಯಾಗಿದ್ದ ಕಾಲದಲ್ಲಿ ಒಮ್ಮೆ ಕೆಚ್ಚುತ್ತಲೇ, ನನ್ನನ್ನು ಮುದ್ದಿಗೆ ಕಣ್ಣು ಅಂತ ಕರೆದು ಕೇಳಿದಳು. "ದಿನಾ ಓಗಿ ಅದೇನ್ ನೋಡ್ತೀಯ ಕಣ್ಣು ಅಲ್ಲಿ?"

ನಾನು ಗಂಭೀರವಾಗಿ ಶುರು ಮಾಡಿದೆ. ನಮ್ಮ ಮೈಯ ಒಂದೊಂದು ಕಣದಲ್ಲೂ ಒಂದು ದೊಡ್ಡ ಮಾದರಿ ಇಟ್ಟಿರುತ್ತದೆ. ಅದರಿಂದ ಬೇಕಾದಷ್ಟನ್ನು ಮಾತ್ರ ನಕಲು ಮಾಡಿ ಎಳೆಗಳು ಹೊರಡುತ್ತವೆ, ಅವಕ್ಕೆ ಆರ್‌ಎನ್‌ಎ ಅನ್ನುತ್ತಾರೆ. ಕೆಲವು ಎಳೆಗಳಿಂದ ಪ್ರೋಟೀನು ತಯಾರಾಗುತ್ತದೆ, ಅಂದರೆ ಮೈಗೆ ಬೇಕಾದ ಸರಕು. ಆದರೆ ಬಹಳಷ್ಟು ಎಳೆಗಳಿಂದ ಏನೂ ತಯಾರಾಗುವುದಿಲ್ಲ. ಮೊದಲು ಅವನ್ನು ಕಸ ಅಂದುಕೊಂಡಿದ್ದರು. ಈಗ ನೋಡಿದರೆ ಯಾವ ಕೆಲಸ ನಡೆಯಬೇಕು, ಯಾವುದು ನಿಲ್ಲಬೇಕು ಅಂತ ಹೇಳುವುದರಲ್ಲಿ ಅವುಗಳದೇ ಕೈ. ನಾನು ನೋಡುವುದು ಅವನ್ನೇ.

"ಅಂದ್ರೆ ಬಟ್ಟೆ ಆಗದ ನೂಲು" ಅಂದಳು.

"ಹಾಗೆ ಅಲ್ಲಮ್ಮ" ಅಂದೆ. ಆಮೇಲೆ ಯೋಚಿಸಿ, "ಸುಮಾರಾಗಿ ಹಾಗೇ" ಅಂದೆ.

"ಅದ್ನ ಕಸ ಅಂದೋರು ಯಾರು? ಒಂದ್ ದಿನಾನೂ ಮಗ್ಗ ನೋಡಿಲ್ವೇನೋ ಪಾಪ" ಅಂತ ನಕ್ಕು ಮುಂದಿನ ಎಳೆ ಎತ್ತಿಕೊಂಡಳು. ಈ ಹೋಲಿಕೆ ನನ್ನ ಗೈಡ್ ಮೇಡಂ ಕಿವಿಗೆ ಬಿದ್ದರೆ ನನ್ನನ್ನು ಹುರಿದು ಮುಕ್ಕುತ್ತಾರೆ. ಆರ್‌ಎನ್‌ಎ ನೂಲಲ್ಲ, ಕಣ ಮಗ್ಗವಲ್ಲ. ಗೊತ್ತು. ಆದರೂ ಅದನ್ನು ಆಡಿದ ಬಾಯಿ ಅಮ್ಮನದು, ಬಿಡಲು ಮನಸ್ಸು ಬರುವುದಿಲ್ಲ.

ಕೊನೆಗೆ ಅನ್ನದ ಗಂಜಿಯೂ ನಿಲ್ಲದೆ ವಾಂತಿಯಾದಾಗ ಕೊಯಮತ್ತೂರಿಗೆ ಕರೆತಂದೆವು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದರು. ಆಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡಿದರು. ಹೊಟ್ಟೆಯ ಗೋಡೆಯಲ್ಲಿ ಹುಟ್ಟಿದ ಗಡ್ಡೆ ಅಲ್ಲಿಗೇ ನಿಂತಿರಲಿಲ್ಲ. ಕರುಳನ್ನು ಸುತ್ತಿದ ತೆಳು ಪೊರೆಯ ತುಂಬಾ ಸಾಬಕ್ಕಿ ಚೆಲ್ಲಿದ ಹಾಗೆ ಚೂರು ಚೂರಾಗಿ ಕೂತಿತ್ತು. ಸರ್ಜನ್ ಆ ಚಿತ್ರ ತೋರಿಸಿದಾಗ ನನಗೆ ಅವರು ವಿವರಿಸುವ ಅಗತ್ಯವಿರಲಿಲ್ಲ. ಅಂಥ ಚಿತ್ರಗಳನ್ನು ನಾನು ಮೀಟಿಂಗುಗಳಲ್ಲಿ ಎಷ್ಟೋ ಸಲ ಪರದೆ ಮೇಲೆ ಹಾಕಿ, ಕೆಂಪು ಬಾಣ ಇಟ್ಟು ಮಾತಾಡಿದ್ದೇನೆ.

ಅದು ಹೇಗೆ ಹರಡುತ್ತದೆ ಅಂತ ನನಗೆ ಗೊತ್ತು. ಗೊತ್ತಿರುವುದೇ ಸಂಕಟ. ಪ್ರೋಟೀನು ಮಾಡದ ಕೆಲವು ಉದ್ದದ ಎಳೆಗಳು ಕ್ಯಾನ್ಸರ್ ಕಣದಲ್ಲಿ ಮಿತಿಮೀರಿ ಹೆಚ್ಚುತ್ತವೆ. ಅಂಥದೇ ಸಣ್ಣ ಎಳೆಗಳು ಕೆಲವಿವೆ, ಕಣವನ್ನು ಅಂಕೆಯಲ್ಲಿಡುವಂಥವು. ಉದ್ದದವು ಈ ಸಣ್ಣವನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡದಂತೆ ಮಾಡುತ್ತವೆ. ಅಂಕೆ ತಪ್ಪಿದ ಕಣ ಪಕ್ಕದ ಕಣದ ಕೈಬಿಟ್ಟು ಹೊರಡುತ್ತದೆ. ಅದಕ್ಕೂ ಮೊದಲೇ ಇಂಥ ಎಳೆಗಳನ್ನು ಪುಟ್ಟ ಪೊಟ್ಟಣಗಳಲ್ಲಿ ತುಂಬಿ ಮುಂದೆ ಕಳಿಸುತ್ತದೆ, ಹೋಗಿ ಇಳಿಯುವ ಜಾಗವನ್ನು ಹದ ಮಾಡಲಿ ಅಂತ. ಬಾಡಿಗೆಗೆ ಬರುವವನು ಮೊದಲೇ ಆಳು ಕಳಿಸಿ ಮನೆ ಗುಡಿಸಿ ಇಟ್ಟುಕೊಂಡ ಹಾಗೆ. ನಾವು ದಿಂಡಿಗೆ ಸೀರೆ ಮಡಚಿ ಇಡುತ್ತಿದ್ದಾಗ ಅಮ್ಮನ ಹೊಟ್ಟೆಯಲ್ಲಿ ಇಷ್ಟೆಲ್ಲ ಕಾರುಬಾರು ನಡೆದಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಬಂದು, ತೆಗೆದ ಚೂರಿನಲ್ಲಿ ಒಂದಿಷ್ಟನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಅಂತ ತಮಿಳಿನಲ್ಲಿ ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. "ನಿನ್ ಓದ್ಗೆ ಬತ್ತದಾ?"

"ನನಗೇ ಅಂತ ಅಲ್ಲ. ಯಾರಿಗೋ ಒಬ್ಬರಿಗೆ."

"ಯಾರ್ಗೋ ಆದ್ರೂ ಆಗ್ಲಿ. ಎತ್ಕೊಳ್ಳಿ ಸಾಮಿ" ಅಂದಳು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಪೂರ್ತಿ ಎತ್ಕೊಂಡೋಗಿ ಅನ್ನು, ನಂಗೇನೂ ಬೇಡ" ಅಂತ ಕಣ್ಣು ಮಿಟುಕಿಸಿದಳು. ಆ ಸ್ಥಿತಿಯಲ್ಲೂ ತಮಾಷೆ ಅವಳಿಗೆ.

ಆ ಮಳೆಗಾಲ ಕಳೆಯುವುದರೊಳಗೆ ಅಮ್ಮ ಹೋದಳು.

ಅಪ್ಪ ಮಗ್ಗದಲ್ಲಿದ್ದ ಹಾಸನ್ನು ನಿಧಾನಕ್ಕೆ ನೆಯ್ದು ಮುಗಿಸಿದರು. ಅದು ಅಮ್ಮ ಕೆಚ್ಚಿದ ಕೊನೆಯ ಹಾಸು, ಗಿಳಿ ಹಸಿರು. ಸೀರೆ ಕತ್ತರಿಸಿ ಕೊಟ್ಟಾಯಿತು. ಎಂದಿನಂತೆ ಮೊಳದುದ್ದ ಎಳೆ ಹಣಿಗೆಯಲ್ಲಿ ಉಳಿಯಿತು. ಸೀರೆ ನೇಯಿಸುವ ಯಜಮಾನರು ಹೊಸ ಹಾಸು ಕಳಿಸಿದರು, ಈರುಳ್ಳಿ ಸಿಪ್ಪೆ ಬಣ್ಣದ್ದು. ಅದು ಗೋಣಿಯಲ್ಲಿ ಸುತ್ತಿಕೊಂಡು ಮೂಲೆಯಲ್ಲೇ ಬಿದ್ದಿತು. ಕೆಚ್ಚಲು ಹೆಂಗಸರನ್ನು ಕರೆಯಲು ಅಪ್ಪ ಒಪ್ಪಲಿಲ್ಲ. ಹೊಸದನ್ನು ಕೂಡಿಸಿದರೆ ಹಸಿರು ಎಳೆ ಈಚೆ ಬರುತ್ತದೆ, ಬಂದರೆ ಕತ್ತರಿಸಬೇಕಾಗುತ್ತದೆ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬೀದಿಗೆಲ್ಲ ಅರ್ಥವಾಗಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮನೆದೇವರು ಚೌಡಮ್ಮನ ಪಟಕ್ಕೆ ಕೈಮುಗಿದು, ಖಾಲಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಊಟಕ್ಕೆ ಅತ್ತೆ ಬಂದು ಎಬ್ಬಿಸಬೇಕು. ಎಬ್ಬಿಸಿದರೂ ಅಮ್ಮನಂತೆಯೇ ಎರಡು ತುತ್ತು. ಅವರ ಷರ್ಟು ಹ್ಯಾಂಗರಿಗೆ ನೇತು ಹಾಕಿದಂತೆ ಕಾಣತೊಡಗಿತು. ಅಪ್ಪನನ್ನೂ ಕಳೆದುಕೊಳ್ಳುತ್ತೇನೆ ಅಂತ ನನಗೆ ನಿಜವಾಗಿ ಭಯವಾಯಿತು.

ಆ ಭಯದಲ್ಲೇ, ಸಮಾಧಾನಕ್ಕೆ ಅಂತ ಒಂದು ಮಾತು ಹೇಳಿದೆ. "ಅಮ್ಮನ ಒಂದು ಚೂರು ಇನ್ನೂ ಇದೆಯಪ್ಪ ಆಸ್ಪತ್ರೆಯಲ್ಲಿ. ಕೆಡದ ಹಾಗೆ ಇಟ್ಟಿರುತ್ತಾರೆ."

ಅಪ್ಪ ತಲೆ ಎತ್ತಿದರು. "ಇದ್ಯಾ?"

"ಇದೆ."

"ಅಂಗಾದ್ರೆ ಅವ್ಳು ಪೂರ್ತಿ ಓಗಿಲ್ಲ."

ಅಲ್ಲಿಂದ ಶುರುವಾಯಿತು. ವರ್ಷದ ತಿಥಿ ಹತ್ತಿರ ಬಂತು. ಅಪ್ಪ ಹೊಳೆಗೆ ಹೋಗುವುದಿಲ್ಲ ಅಂದರು. "ಅರ್ಧ ಇಲ್ಲಿ ಸುಟ್ಟು ಅರ್ಧ ಅಲ್ಲಿ ಇಟ್ಕೊಂಡು ಎಂಗೆ ತಿಥಿ ಕೊಡೋದು? ಮೊದ್ಲು ಅದು ಮನೆಗೆ ಬರ್ಲಿ." ಅತ್ತೆ ಬೈದಳು, ಅತ್ತಳು, ಚೌಡಮ್ಮನ ಮೇಲೆ ಆಣೆ ಇಟ್ಟಳು. "ಲೇಯ್, ಹಲ್ಲು ಕಿತ್ತಿಸ್ಕೊಂಡ್ರೆ ಹಲ್ಲಿಗೂ ತಿಥಿ ಮಾಡ್ತೀಯೇನೋ?" ಅಂದಳು. ಅಪ್ಪ ಅಲುಗಲಿಲ್ಲ. ನಾನೂ ಕೂಗಾಡಿದೆ. "ಸತ್ತವರನ್ನ ಹೀಗೆ ಕಟ್ಟಿ ಇಟ್ಟುಕೊಳ್ಳಬಾರದಪ್ಪ, ಅದು ಬರೀ ಒಂದು ಚೂರು ಮಾಂಸ" ಅಂತ ದೊಡ್ಡ ಬಾಯಿ ಮಾಡಿದೆ.

ಆದರೆ ನನ್ನ ಕಥೆ ಕೇಳಿ. ಆ ಆಸ್ಪತ್ರೆಯಿಂದ ನಮ್ಮ ಪ್ರಯೋಗಶಾಲೆಗೂ ಚೂರುಗಳು ಬರುತ್ತವೆ. ಬರೀ ನಂಬರು, ಹೆಸರಿಲ್ಲ. ಯಾರದು ಯಾವುದು ಅಂತ ನಮಗೆ ತಿಳಿಯಬಾರದು, ಅದು ನಿಯಮ, ಒಳ್ಳೆಯ ನಿಯಮ. ಅಮ್ಮ ಹೋದ ಮೇಲೆ ನಾನು ಫ್ರೀಜರ್ ಬಾಗಿಲು ತೆಗೆದಾಗಲೆಲ್ಲ ಬಿಳಿ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು, ಡಬ್ಬಿಯೊಳಗೆ ಸಾಲಾಗಿ ನಿಂತ ಪುಟ್ಟ ಟ್ಯೂಬುಗಳಲ್ಲಿ ಒಂದು ಅಮ್ಮ ಇರಬಹುದು ಅನಿಸುತ್ತಿತ್ತು. ಇಲ್ಲದೆಯೂ ಇರಬಹುದು. ಯಾವ ಟ್ಯೂಬನ್ನೂ ನಾನು ಟಕ್ಕನೆ ಇಡುತ್ತಿರಲಿಲ್ಲ. "ಏನು, ಮೊಟ್ಟೆ ಇಡ್ತಿದ್ದೀಯಾ?" ಅಂತ ಜೊತೆಯವರು ಕಾಡಿಸುತ್ತಿದ್ದರು.

ಇನ್ನೊಂದು ವಿಷಯವಿದೆ. ಆರ್‌ಎನ್‌ಎ ಬಹಳ ನಾಜೂಕು. ನಮ್ಮ ಬೆರಳಿನ ಚರ್ಮದಲ್ಲೇ ಅದನ್ನು ತುಂಡರಿಸುವ ಅಂಶವಿದೆ. ಬರಿಗೈ ತಾಗಿತೋ, ಮುಗಿಯಿತು. ಅದಕ್ಕೇ ಸದಾ ಗ್ಲೌಸು. ಅದನ್ನು ಓದಬೇಕಾದರೆ ಚೂರನ್ನು ಹೆಪ್ಪುಗಟ್ಟಿದ ಹಾಗೇ ಕುಟ್ಟಿ ಪುಡಿ ಮಾಡಬೇಕು. ಓದಿದ ಮೇಲೆ ಚೂರು ಇರುವುದಿಲ್ಲ, ನೀರಿನಂಥ ಒಂದು ಹನಿ ಉಳಿಯುತ್ತದೆ. ಹುಟ್ಟಿದಾಗಿನಿಂದ ಬರಿಗೈಯಲ್ಲಿ ಮುಟ್ಟಿದ ಅಮ್ಮನನ್ನು ಈಗ ಮುಟ್ಟಿದರೆ ಕೆಡುತ್ತಾಳೆ ಅಂತ ಅನಿಸಿ ಎಷ್ಟೋ ಸಲ ಹಾಕಿಕೊಂಡ ಗ್ಲೌಸು ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದೆ. ಅಪ್ಪನಿಗೆ ಬುದ್ಧಿ ಹೇಳಿದವಳು ನಾನು, ನೋಡಿ.

ಕೊನೆಗೆ ಅಪ್ಪ ಒಂದು ದಿನ ತಾವೇ ಬಂದುಬಿಟ್ಟರು. ಮೇಟ್ಟುಪಾಳಯಕ್ಕೆ ಬಂದು, ಬಸ್ಸು ಬದಲಿಸಿ, ಆಸ್ಪತ್ರೆಯ ಗೇಟಿನಲ್ಲಿ ನಿಂತು ನನಗೆ ಫೋನು ಮಾಡಿದರು. ಹೋಗಿ ನೋಡಿದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ವೇಷ್ಟಿ, ಕೈಯಲ್ಲಿ ಅಮ್ಮನ ಹಿತ್ತಾಳೆ ಚೆಂಬು. ಚೆಂಬಿನ ಬಾಯಿಗೆ ಬಾಳೆಎಲೆ, ಅದರ ಮೇಲೆ ಅರಿಶಿನದಲ್ಲಿ ಅದ್ದಿದ ಹೊಸ ಬಟ್ಟೆ. ಮದುವೆಯಾದ ಹೊಸತರಲ್ಲಿ ತವರಿನಿಂದ ಕರೆದುಕೊಂಡು ಹೋಗಲು ಬಂದವರ ಹಾಗೆ ನಿಂತಿದ್ದರು. ನನಗೆ ಬೈಯಬೇಕು ಅನಿಸಿತು, ಕೈಹಿಡಿದು ಒಳಗೆ ಕರೆದುಕೊಂಡು ಹೋದೆ.

ಫ್ರೀಜರಿನ ಚೂರು ಸಿಗುವುದಿಲ್ಲ, ಅದು ಈಗಾಗಲೇ ನಂಬರಾಗಿ ಎಲ್ಲೋ ಸೇರಿದೆ, ಅಥವಾ ಹನಿಯಾಗಿದೆ ಅಂತ ಹೇಳಿದೆ. ಆದರೆ ರೋಗ ಗುರುತಿಸಲು ತೆಗೆದ ಇನ್ನೊಂದು ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಬೇರೆ ಡಾಕ್ಟರ ಹತ್ತಿರ ತೋರಿಸಬೇಕಾದರೆ ಮನೆಯವರು ಕೇಳಿ ಪಡೆಯಬಹುದು. ಅದನ್ನು ಕೇಳಲು ಹೋದಾಗ ಲ್ಯಾಬಿನ ಕಿಟಕಿಯ ಹಿಂದಿದ್ದ ಹೆಂಗಸು ಕಂಪ್ಯೂಟರು ನೋಡಿ ಹುಬ್ಬು ಗಂಟಿಕ್ಕಿದಳು. ಇವರು ತೀರಿಕೊಂಡಿದ್ದಾರಲ್ಲ, ಈಗ ಯಾರಿಗೆ ಬೇಕು ಅಂತ ತಮಿಳಿನಲ್ಲಿ ಕೇಳಿದಳು.

"ಎನಕ್ಕು ತಾನ್ ಮಾ" ಅಂದರು ಅಪ್ಪ. ನನಗೇ ಅಮ್ಮಾ.

ಆಕೆ ಸ್ವಲ್ಪ ಹೊತ್ತು ಅಪ್ಪನನ್ನು, ಚೆಂಬನ್ನು ನೋಡಿದಳು. ಆಮೇಲೆ ಸಹಿ ಹಾಕಿಸಿಕೊಂಡು ಒಂದು ಪುಟ್ಟ ಕವರು ಕೊಟ್ಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಪ್ಪ ಅದನ್ನು ಬಿಡಿಸಿದರು. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ ಬಿಳಿ ಮೇಣ, ಮೇಣದ ನಡುವೆ ಹುಣಸೆಬೀಜದ ಸಿಪ್ಪೆಯಷ್ಟು ಕಂದು ಚೂರು. ಅಪ್ಪ ಅದನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು.

"ಇಷ್ಟೇನಾ?" ಅಂದರು.

"ಇಷ್ಟೇ ಅಪ್ಪ."

"ಇಷ್ಟೇನಾ ಕಣ್ಣು?" ಅಂತ ಮತ್ತೆ ಕೇಳಿದರು. ಮೇಟ್ಟುಪಾಳಯ ಬರುವವರೆಗೂ ಅಳುತ್ತಿದ್ದರು. ಕಂಡಕ್ಟರು ನೀರಿನ ಬಾಟಲಿ ತಂದು ಕೊಟ್ಟ. ಚೆಂಬು ನನ್ನ ತೊಡೆಯ ಮೇಲೆ ಖಾಲಿಯಾಗಿಯೇ ಇತ್ತು, ಮೇಣವನ್ನು ಅವರು ಷರ್ಟಿನ ಎದೆ ಜೇಬಿನಲ್ಲಿ ಇಟ್ಟುಕೊಂಡರು.

ಮನೆಗೆ ಹೋದ ಮೇಲೆ ಅದನ್ನು ಚೌಡಮ್ಮನ ಪಟದ ಮುಂದೆ ಇಟ್ಟರು. ಅತ್ತೆ ಬಂದು ನೋಡಿದಳು. ಗಯ್ಯಾಳಿ ಅನ್ನಿಸಿಕೊಂಡ ನಮ್ಮ ಅತ್ತೆ ಕುಂಕುಮ ತಂದು ಆ ಪ್ಲಾಸ್ಟಿಕ್ಕಿಗೆ ಇಟ್ಟಳು. ಹಲ್ಲಿಗೆ ತಿಥಿ ಮಾಡ್ತೀಯಾ ಅಂದವಳು ಇವಳೇ.

ಮರುದಿನ ಬೆಳಿಗ್ಗೆ ಅಪ್ಪ ಮೂಲೆಯ ಗೋಣಿ ಬಿಚ್ಚಿದರು. ಈರುಳ್ಳಿ ಬಣ್ಣದ ಹಾಸನ್ನು ಮಗ್ಗದ ಹಿಂದೆ ಹರಡಿ, ತೆಂಗಿನ ಚಿಪ್ಪಿನಲ್ಲಿ ಬೂದಿ ತಂದು ನನ್ನ ಮುಂದೆ ಇಟ್ಟರು. "ಕೆಚ್ಚು" ಅಂದರು.

"ನಾನಾ? ನನಗೆ ರೂಢಿ ತಪ್ಪಿಹೋಗಿದೆಯಪ್ಪ. ಬೇರೆ ಯಾರನ್ನಾದರೂ ಕರೆಯೋಣ."

"ಬೇರೆ ಯಾರ್ಗೂ ಅವ್ಳು ಕಲ್ಸಿಲ್ಲ."

ಕೂತೆ. ಮೊದಲು ಎಳೆಗಳು ಜಾರಿದವು, ತುಂಡಾದವು. ಅತ್ತೆ ಹಿಂದಿನಿಂದ "ಏನ್ ಹೊಸೆಯೋದು ಅದು, ಬತ್ತಿ ಹೊಸ್ದಂಗೆ" ಅಂತ ಬೈಯುತ್ತಾ ಕೂತಿದ್ದಳು. ಆಮೇಲೆ ಬೆರಳಿಗೆ ನೆನಪು ಬಂತು. ಹಸಿರು ಎಳೆ, ಈರುಳ್ಳಿ ಎಳೆ, ಒಂದು ಹೊಸೆತ, ಸಣ್ಣಗೆ ಒಂದು ಎಳೆತ. ನನ್ನ ಬೆರಳಿನ ಮೇಲೆ ಬೆಚ್ಚಗೆ ಇನ್ನೊಂದು ಬೆರಳಿದ್ದರೆ ಅಂತ ಒಂದೊಂದು ಎಳೆಗೂ ಆಸೆಯಾಯಿತು. ಮುಗಿಯಲು ಆ ದಿನವೂ ಮರುದಿನವೂ ಹಿಡಿಯಿತು, ಅಮ್ಮ ಆಗಿದ್ದರೆ ಸಾಯಂಕಾಲದೊಳಗೆ ಎದ್ದಿರುತ್ತಿದ್ದಳು.

ಅಪ್ಪ ಮುಂದೆ ನಿಂತು ನಿಧಾನಕ್ಕೆ ಎಳೆದರು. ಹೊಸೆದ ಗಂಟುಗಳು ಒಂದೊಂದೇ ಹಣಿಗೆಯ ಹಲ್ಲು ದಾಟಿ ಈಚೆ ಬಂದವು. ಹಸಿರು ಪೂರ್ತಿ ಹೊರಗೆ ಬಂತು. ಅಪ್ಪ ಕತ್ತರಿ ತೆಗೆದುಕೊಂಡರು. ನಾನು ಮುಖ ತಿರುಗಿಸಿಕೊಂಡೆ. ಕತ್ತರಿಯ ಸದ್ದು ಕೇಳಿಸಿತು.

ತಿಥಿಯ ದಿನ ಭವಾನಿಗೆ ಹೋದೆವು. ಅಪ್ಪ ನೀರಿಗಿಳಿದು, ಎಳ್ಳು ಅನ್ನದ ಪಿಂಡ ಬಿಟ್ಟ ಮೇಲೆ ಹಸಿರು ಎಳೆಗಳ ಕಂತೆಯನ್ನು ಬಿಟ್ಟರು. ಅದು ಸ್ವಲ್ಪ ದೂರ ತೇಲಿ, ಬಿಚ್ಚಿಕೊಂಡು, ಮುಳುಗಿತು. ಮೇಣದ ಚೂರು ಇನ್ನೂ ಜೇಬಿನಲ್ಲೇ ಇತ್ತು. ಅದನ್ನೂ ಬಿಡುತ್ತಾರೆ ಅಂತ ಕಾದೆ. ಒದ್ದೆ ಬಟ್ಟೆಯಲ್ಲೇ ಮೇಲೆ ಬಂದು ನನ್ನ ಅಂಗೈಯಲ್ಲಿ ಇಟ್ಟರು.

"ಓದೋಕೆ ಎತ್ಕೊಳ್ಳಿ ಅಂತ ಅವ್ಳು ಅಂದಿದ್ಲು. ನಾನು ಇದ್ನ ವಾಪಸ್ ತಂದ್ಬುಟ್ಟೆ. ಅವ್ಳ ಮಾತು ನಡೀಬೇಕು. ನೀನು ಓದು."

ಪೀಳಮೇಡಿಗೆ ಬಂದು ಮೇಡಂಗೆ ಹೇಳಿದೆ. ಅವರು ಕೊಯಮತ್ತೂರಿನ ತಮಿಳು ಹೆಂಗಸು, ನಗುವುದು ಕಡಿಮೆ. ಮೇಣದಲ್ಲಿರುವ ಚೂರಿನಲ್ಲೂ ಆರ್‌ಎನ್‌ಎ ತುಂಡು ತುಂಡಾಗಿ ಉಳಿದಿರುತ್ತದೆ, ಸಣ್ಣ ಎಳೆಗಳಂತೂ ಚೆನ್ನಾಗಿಯೇ ಉಳಿದಿರುತ್ತವೆ. ತೆಳ್ಳಗೆ ಹೆರೆದು ಹೊರತೆಗೆಯಬಹುದು. ಮೇಡಂ ಎಲ್ಲ ಕೇಳಿ ಅಂದರು, "ಕೊಡು. ಆಸ್ಪತ್ರೆಯ ಮೂಲಕವೇ ಒಪ್ಪಿಗೆ ಪಡೆದು ಕ್ರಮವಾಗಿ ಸೇರಿಸೋಣ. ಆದರೆ ಅದಕ್ಕೂ ನಂಬರು ಬೀಳುತ್ತೆ. ಆಮೇಲೆ ಯಾವುದು ನಿನ್ನ ಅಮ್ಮನದು ಅಂತ ನನ್ನನ್ನ ಕೇಳಬೇಡ. ಹೆರೆದ ಮೇಲೆ ಉಳಿಯೋದೂ ಇಲ್ಲ." ಆಮೇಲೆ, "ಅವಸರವಿಲ್ಲಮ್ಮ" ಅಂತ ಸೇರಿಸಿದರು.

ಅವಸರವಿಲ್ಲ ಅಂದದ್ದೇ ನನಗೆ ಸಾಕಾಯಿತು. ಮೇಣದ ಚೂರನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ. ಆಡಿ ತಿಂಗಳು ಕಳೆಯಿತು, ದೀಪಾವಳಿ ಕಳೆಯಿತು, ಪೊಂಗಲ್ ಬಂತು. ಬೆಳಿಗ್ಗೆ ಬಂದ ತಕ್ಷಣ ಡ್ರಾಯರ್ ಎಳೆದು ನೋಡುವುದು, ಸಾಯಂಕಾಲ ಹೊರಡುವಾಗ ಎಳೆದು ನೋಡುವುದು. ಬೇಸಿಗೆ ಬಂದಾಗ ಮೇಣ ಕರಗೀತು ಅಂತ ಎಸಿ ಪಕ್ಕದ ಡ್ರಾಯರಿಗೆ ಬದಲಿಸಿದೆ. ಕಟ್ಟಿ ಇಟ್ಟುಕೊಳ್ಳಬಾರದು ಅಂತ ಊರಲ್ಲಿ ಗಂಟಲು ಹರಿದುಕೊಂಡವಳು ಇಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ.

ಅಪ್ಪ ಸಾಯಂಕಾಲ ಮಗ್ಗದಿಂದ ಏಳುವ ಹೊತ್ತಿಗೆ ಫೋನು ಮಾಡುತ್ತಾರೆ. ಈಗ ಹೊಟ್ಟೆ ತುಂಬಾ ಉಣ್ಣುತ್ತಾರೆ, ಅತ್ತೆಯ ಸಾರಿನಲ್ಲಿ ಉಪ್ಪು ಜಾಸ್ತಿ ಅಂತ ದೂರು ಹೇಳುತ್ತಾರೆ. ಮೊನ್ನೆ ಹಾಗೇ ಮಾತಾಡುತ್ತಾ ಕೇಳಿದರು. "ಅದ್ರಲ್ಲಿ ಏನಾನ ಕಾಣಿಸ್ತಾ?"

"ಇನ್ನೂ ನೋಡಿಲ್ಲಪ್ಪ."

"ಯಾಕೆ?"

ಏನೇನೋ ಹೇಳಬಹುದಿತ್ತು. ಮೆಷೀನು ಕೆಟ್ಟಿದೆ, ಒಪ್ಪಿಗೆ ಬಂದಿಲ್ಲ, ಮೇಡಂ ಊರಲ್ಲಿಲ್ಲ. "ನೋಡಿದರೆ ಮುಗಿದುಹೋಗುತ್ತೆ ಅಪ್ಪ" ಅಂದೆ. "ನಂಗೆ ಅಮ್ಮ ಬೇಕಪ್ಪ."

ಆ ಕಡೆ ಬೀದಿಯಲ್ಲಿ ಯಾರದೋ ಮಗ್ಗ ಓಡುತ್ತಿದ್ದದ್ದು ಫೋನಿನಲ್ಲೇ ಕೇಳಿಸುತ್ತಿತ್ತು.

"ನಂಗೂ ಬೇಕು ಕಣ್ಣು" ಅಂದರು ಅಪ್ಪ. "ಕೊಟ್ಬುಡು."

ಮರುದಿನ ಬೆಳಿಗ್ಗೆ ಕರವಸ್ತ್ರ ಬಿಚ್ಚಿದೆ. ಚೌಕಟ್ಟಿನ ಅಂಚಿನಲ್ಲಿ ಅತ್ತೆಯ ಕುಂಕುಮ ಇನ್ನೂ ಸ್ವಲ್ಪ ಅಂಟಿತ್ತು. ಮೇಡಂ ಮೇಜಿನ ಆಚೆ ನಿಂತಿದ್ದರು. ನಾನು ಅಭ್ಯಾಸಬಲದಿಂದ ಹಾಕಿಕೊಂಡಿದ್ದ ಗ್ಲೌಸು ತೆಗೆದೆ. ಮೇಣದೊಳಗಿರುವುದಕ್ಕೆ ಹೊರಗಿನ ಕೈಯಿಂದ ಏನೂ ಆಗುವುದಿಲ್ಲ, ಇಬ್ಬರಿಗೂ ಗೊತ್ತು. ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ಬರಿಗೈಯಲ್ಲಿ ಎತ್ತಿಕೊಂಡೆ. ತಣ್ಣಗಿತ್ತು. ಮುಷ್ಟಿಯಲ್ಲಿ ಹಿಡಿದು ಹಾಗೇ ನಿಂತೆ. ಸ್ವಲ್ಪ ಹೊತ್ತಿಗೆ ಅದು ಬೆಚ್ಚಗಾಯಿತು. ಬೆಚ್ಚಗಿರುವಾಗಲೇ ಮೇಡಂ ಕೈಗೆ ಕೊಟ್ಟೆ.